ಕೊನೆಯ ಪುಟದ ಉತ್ತರ

“ಮೇಡಂ, ನನಗೆ ಬಂದ ಉತ್ತರ ಒಂದು, ಪುಸ್ತಕದ ಕೊನೆಯ ಪುಟದ ಉತ್ತರ ಇನ್ನೊಂದು ಆದರೆ, ಯಾವುದನ್ನು ನಂಬಬೇಕು?”

ಕೇಳಿದವಳು ಶಿವಗಂಗಾ, ಬಿ.ಎಸ್ಸಿ. ಮೊದಲ ವರ್ಷದವಳು. ಮರುದಿನ ಬೆಳಿಗ್ಗೆ ಅವಳಿಗೆ ರಸಾಯನಶಾಸ್ತ್ರದ ಪರೀಕ್ಷೆ. ನಾಲ್ಕು ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿ ಐನೂರು ಮಿಲಿಲೀಟರ್ ದ್ರಾವಣ ಮಾಡಿದರೆ ಅದರ ಮೊಲಾರಿಟಿ ಎಷ್ಟು ಎಂಬುದು ಲೆಕ್ಕ. ನಾಲ್ಕು ಸಲ ಮಾಡಿದ್ದಳು. ನಾಲ್ಕು ಸಲವೂ 0.2 ಬಂತು. ಪುಸ್ತಕದಲ್ಲಿ 0.4 ಇತ್ತು. ಐದನೆಯ ಸಲ ಐನೂರನ್ನು ಅಳಿಸಿ ಇನ್ನೂರೈವತ್ತು ಎಂದು ಬರೆದಳು. ಉತ್ತರ ಪುಸ್ತಕಕ್ಕೆ ಹೊಂದಿತು. ಆದರೂ ನೋಟ್‌ಬುಕ್ ಹಿಡಿದು ಮೇಡಂ ಬಳಿಗೆ ಬಂದಿದ್ದಳು.

ಅಂಬುಜಾಕ್ಷಿ ಮೇಡಂ ನೋಟ್‌ಬುಕ್ ನೋಡಿದರು. “ಐನೂರನ್ನು ಯಾಕೆ ಅರ್ಧ ಮಾಡಿದೆ?”

“ಹಾಗೆ ಮಾಡಿದರೆ ಬರುತ್ತೆ ಮೇಡಂ.”

“ಬರೋದೇನೋ ಬರುತ್ತೆ.”

“ಪುಸ್ತಕ ತಪ್ಪಾಗುತ್ತಾ? ತಪ್ಪು ಮಾಡೋಳು ನಾನೇ ತಾನೆ. ನಾಳೆ ಪರೀಕ್ಷೆಗೆ ಬರೋದೇ ಬೇಡ ಅನ್ನಿಸ್ತಿದೆ.”

ಮೇಡಂ ಪುಸ್ತಕ ಮುಚ್ಚಿ ಒಂದು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ನೂಲಿಗೆ ಕೆಂಪು ಹಾಕುವುದು ಅವನ ಕಸುಬು. ಅವನ ಗುರು ಸಾಯುವ ಮುಂಚೆ ತಾನೇ ಬಣ್ಣ ಹಾಕಿದ ಒಂದು ತುಂಡು ಬಟ್ಟೆ ಕೊಟ್ಟು, “ಕೆಂಪು ಅಂದರೆ ಇದು” ಎಂದಿದ್ದ. ಬಣ್ಣಗಾರ ಅದನ್ನು ಕಿಟಕಿಯ ಎದುರಿನ ಗೋಡೆಗೆ, ಮೇಲಂಚು ಮುಚ್ಚುವಂತೆ ಒಂದು ಮರದ ಪಟ್ಟಿ ಇಟ್ಟು, ಮೊಳೆ ಹೊಡೆದು ತೂಗುಹಾಕಿದ. ನೂಲನ್ನು ಬಣ್ಣದಿಂದ ತೆಗೆದಾಗಲೆಲ್ಲ ಆ ಬಟ್ಟೆಯ ಪಕ್ಕ ಹಿಡಿದು ನೋಡುತ್ತಿದ್ದ.

ಕೆಲವು ವರ್ಷ ಎರಡೂ ಒಂದೇ ಇದ್ದವು. ಆಮೇಲೆ ನೂಲಿನ ಕೆಂಪು ಕೊಂಚ ಹೆಚ್ಚಾಗಿ ಕಂಡಿತು. ಅವನಿಗೆ ಭಯವಾಯಿತು. ಕೈ ಕೆಟ್ಟಿತು ಎಂದುಕೊಂಡು ಹಂಡೆಗೆ ಒಂದು ತಂಬಿಗೆ ನೀರು ಹೆಚ್ಚು ಹಾಕಿದ. ಸರಿಹೋಯಿತು. ಮರುವರ್ಷ ಮತ್ತೆ ಹೆಚ್ಚಾಯಿತು, ಇನ್ನೊಂದು ತಂಬಿಗೆ ಹಾಕಿದ. ಹೀಗೆ ಎಷ್ಟೋ ವರ್ಷ ನಡೆಯಿತು. ಪ್ರತಿ ಸಲವೂ ಬಣ್ಣ ಬಟ್ಟೆಗೆ ಹೊಂದಿತು. ಪ್ರತಿ ಸಲವೂ ಅವನಿಗೆ ಅನ್ನ ಸೇರಲಿಲ್ಲ.

ಅವನ ಹೆಂಡತಿ ಹೇಳಿದಳು: “ನಿಮ್ಮ ಕೈಯನ್ನು ದಿನಾ ಬೈತೀರಿ. ಒಂದು ದಿನ ಆ ಬಟ್ಟೆ ಇಳಿಸಿ ನೋಡಬಾರದಾ?”

“ಗುರುಗಳು ಕೊಟ್ಟಿದ್ದು ಕಣೇ. ನಾನು ಯಾರು ಅದನ್ನ ಪರೀಕ್ಷೆ ಮಾಡೋಕೆ?”

ಒಂದು ದಿನ ಮದುಮಗಳ ತಾಯಿಯೊಬ್ಬಳು ಹಳೆಯ ಸೀರೆಯೊಂದನ್ನು ತಂದಳು. ಅದರ ನೂಲಿಗೆ ಬಣ್ಣ ಹಾಕಿದವನು ಅವನ ಗುರುವೇ. ಸೀರೆ ಪೆಟ್ಟಿಗೆಯ ತಳದಲ್ಲಿ ಬಿಸಿಲು ಕಾಣದೆ ಇತ್ತು. ಮಗಳ ಸೀರೆಗೆ ಇದೇ ಕೆಂಪು ಬೇಕು ಎಂದಳು. ಬಣ್ಣಗಾರ ತನ್ನ ನೂಲನ್ನು ಪಕ್ಕಕ್ಕೆ ಹಿಡಿದ. ಅವಳು ನೋಡಿದಳು. “ಇದು ತೊಳೆದು ಬಣ್ಣ ಬಿಟ್ಟ ನೂಲಾ?” ಎಂದು ಕೇಳಿದಳು.

ಅವನು ಮೊಳೆ ಕಿತ್ತು ಬಟ್ಟೆ ಇಳಿಸಿದ. ಮರದ ಪಟ್ಟಿಯ ಕೆಳಗೆ, ಬಿಸಿಲು ತಾಗದ ಎರಡು ಬೆರಳಗಲದ ಜಾಗದಲ್ಲಿ, ಆ ಹಳೆಯ ಸೀರೆಯದೇ ಕೆಂಪು ಇತ್ತು.

ಅವನ ಕೈ ಯಾವತ್ತೂ ಕೆಟ್ಟಿರಲಿಲ್ಲ. ಹಂಡೆಯ ಮುಂದೆ ಕೂತು, ಬಣ್ಣದ ಬೇರು ಎಷ್ಟು, ನೀರು ಎಷ್ಟು ಎಂಬ ತನ್ನ ಮೊದಲಿನ ಅಳತೆಯನ್ನು ನೆನೆಯಲು ನೋಡಿದ. ಅದು ನೆನಪಾಗಲಿಲ್ಲ. ಮದುಮಗಳ ತಾಯಿ ಸೀರೆ ಮಡಚಿಕೊಂಡು ಹೋದಳು.

ಕತೆ ಅಲ್ಲಿಗೆ ನಿಂತಿತು. ಶಿವಗಂಗಾ ಮೆಲ್ಲಗೆ ಕೇಳಿದಳು: “ಹಾಗಾದರೆ ಪುಸ್ತಕವೇ ತಪ್ಪಾ ಮೇಡಂ?”

ಮೇಡಂ ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಅವಳ ಮುಂದೆ ತಂದರು.

“ಅಳಿಸಿದ ಜಾಗದಲ್ಲಿ ನಿನ್ನ ಐನೂರು ಇನ್ನೂ ಕಾಣುತ್ತಿದೆ, ಅದು ಮಾಸುವ ಮುಂಚೆ ಓದಿಕೋ.”

ಶಿವಗಂಗಾ ಇನ್ನೂರೈವತ್ತನ್ನು ಹೊಡೆದುಹಾಕಿ ಮತ್ತೆ ಐನೂರು ಎಂದು ಬರೆದಳು.