ನಕಲುಗಾರನ ಅಂದಾಜು

ಕಡಲ ದಡದಲ್ಲಿ ಮೀನು ಒಣಗಿಸುವ ಸುಮಿತ್ರಾ ಖಾರ್ವಿಯ ಮೂಗಿನ ತುದಿಯ ಒಂದು ಜೀವಕೋಶದಲ್ಲಿ ಇಬ್ಬರು ಕೆಲಸಕ್ಕಿದ್ದರು: ಒಬ್ಬಳು ದುರಸ್ತಿಗಾರ್ತಿ, ಒಬ್ಬ ನಕಲುಗಾರ. ಅಲ್ಲಿನ ಡಿಎನ್ಎ ಎರಡು ಎಳೆಗಳ ಗ್ರಂಥ. ಒಂದು ಎಳೆಯ ಪ್ರತಿ ಅಕ್ಷರಕ್ಕೂ ಎದುರಿನ ಎಳೆಯಲ್ಲಿ ಜೋಡಿಯಿತ್ತು. ಬಿಸಿಲಿನ ನೇರಳಾತೀತ ಕಿರಣ ಬಡಿದಾಗಲೆಲ್ಲ ಅಕ್ಕಪಕ್ಕದ ಎರಡು ಅಕ್ಷರಗಳು ಓದಲಾಗದಂತೆ ಅಂಟಿಕೊಳ್ಳುತ್ತಿದ್ದವು. ದುರಸ್ತಿಗಾರ್ತಿ ಅವನ್ನು ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿ ಸರಿಯಾಗಿ ಬರೆಯುತ್ತಿದ್ದಳು. ಬೆಳಗಿನಿಂದ ತಿದ್ದಿ ತಿದ್ದಿ ಅವಳಿಗೆ ಸಾಕುಸಾಕಾಗಿತ್ತು.

ಅಷ್ಟರಲ್ಲಿ ಕೋಶ ಎರಡಾಗುವ ಹೊತ್ತು ಬಂತು. ಪ್ರತಿ ಎಳೆಗೂ ಹೊಸ ಜೋಡಿ ಎಳೆ ಬರೆಯಲು ನಕಲುಗಾರ ಎಳೆಗಳನ್ನು ಬಿಡಿಸತೊಡಗಿದ.

"ಸ್ವಲ್ಪ ತಾಳಯ್ಯ, ಇನ್ನೊಂದು ಜಾಗ ಉಳಿದಿದೆ. ಬೆಳೆದದ್ದು ಸಾಕು ಎಂದು ಕೋಶಕ್ಕೆ ಹೇಳುವ ಸಾಲು ಅದು" ಎಂದಳು.

"ನಿನ್ನದು ಯಾವಾಗಲೂ ಇನ್ನೊಂದು ಉಳಿದೇ ಇರುತ್ತದೆ. ಅಲ್ಲಿ ಅಂದಾಜಿನ ಮೇಲೆ ಬರೆಯುತ್ತೇನೆ."

"ಎಷ್ಟು ಸಲ ಹೇಳಲಿ ನಿನಗೆ? ಅಂದಾಜು ಬೇಡ, ನಿಲ್ಲಿಸು."

ಅವನು ನಿಲ್ಲಿಸಲಿಲ್ಲ. ಅಂಟಿದ ಅಕ್ಷರಗಳ ಎದುರಿಗೆ ತೋಚಿದ್ದನ್ನು ಬರೆದ. ಹಳೆಯ ಎದುರೆಳೆ ಇನ್ನೊಂದು ಕೋಶದ ಪಾಲಾಯಿತು.

ದುರಸ್ತಿಗಾರ್ತಿ ಅಂಟಿದ್ದನ್ನು ಕತ್ತರಿಸಿ, ರೂಢಿಯಂತೆ ಎದುರಿಗೆ ನೋಡಿದಳು. ಅಲ್ಲಿದ್ದುದು ಅವನ ಊಹೆ ಮಾತ್ರ. ಬೇರೆ ಆಧಾರವಿಲ್ಲದೆ ಅದಕ್ಕೇ ಹೊಂದುವಂತೆ ಬರೆದಳು.

"ನೋಡು, ಎರಡೂ ತಾಳೆಯಾಗುತ್ತವೆ. ನೀನು ಸುಮ್ಮನೆ ಗೊಣಗುತ್ತೀ" ಎಂದ ನಕಲುಗಾರ.

"ತಾಳೆಯಾಗಿರುವುದೇ ತೊಂದರೆ" ಎಂದಳು ಅವಳು. "ಇನ್ನು ಮೇಲೆ ಇದು ತಪ್ಪೆಂದು ನನಗೂ ಗೊತ್ತಾಗುವುದಿಲ್ಲ."