ಜೊಂಡಿನೊಳಗಿನ ಕಾಲುದಾರಿ

"ಬುದ್ಧಿ, ಇವತ್ತೂ ಹೋಗಿ ತಂಗಿಯನ್ನು ನೋಡಿಕೊಂಡು ಬರಲೇ?" ಎಂದು ಮಾದಯ್ಯ ಗುರುಗಳನ್ನು ಕೇಳಿದ.

ಅವನ ತಂಗಿ ದೇವೀರಿ, ಮನೆಯವರು ಒಪ್ಪದ ಹುಡುಗನನ್ನು ಮದುವೆಯಾಗಿದ್ದಳು. ಅವಳನ್ನು ಜೀವಸಹಿತ ಬಿಡುವುದಿಲ್ಲವೆಂದು ದೊಡ್ಡಪ್ಪನ ಮಕ್ಕಳು ಆಣೆ ಮಾಡಿದ್ದರು. ಈಗ ಅವಳು ತುಂಬು ಬಸುರಿ. ಬೆಟ್ಟದಾಚೆ ಅವಳು ಅಡಗಿದ್ದ ಮನೆ ಮಾದಯ್ಯನೊಬ್ಬನಿಗೇ ಗೊತ್ತಿತ್ತು.

"ನಿನ್ನೆ ತಾನೇ ಹೋಗಿದ್ದೆಯಲ್ಲ?"

"ಹೋಗಿದ್ದೆ ಬುದ್ಧಿ. ಆದರೂ ಎದೆ ಹೊಡೆದುಕೊಳ್ಳುತ್ತೆ. ಕಣ್ಣಾರೆ ಕಂಡರೇ ಸಮಾಧಾನ."

ಗುರುಗಳು ಕೂತುಕೋ ಎಂದರು. ಕೂರುವ ಮನಸ್ಸಿಲ್ಲದೆ ಅವನು ಕೂತ. ಗುರುಗಳು ಹೇಳತೊಡಗಿದರು.

ಉತ್ತರದ ಬೆಟ್ಟಗಳ ನಡುವೆ ಒಂದು ಕೆರೆ. ಅದರ ದಡದ ಜೊಂಡುಹುಲ್ಲಿನಲ್ಲಿ ಒಂದು ಕಾಡು ಹೆಬ್ಬಾತು ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಜೊಂಡು ಆಳೆತ್ತರಕ್ಕೆ, ಒತ್ತಾಗಿ ಬೆಳೆದಿತ್ತು. ಗಂಡು ಹಕ್ಕಿ ನೀರಿನ ಕಡೆ ಕಾವಲಿತ್ತು.

ಒಬ್ಬ ಕುರಿಗಾಹಿ, ತಪ್ಪಿಸಿಕೊಂಡ ಕುರಿಮರಿಯನ್ನು ಹುಡುಕುತ್ತ ಹೋದವನು, ಆ ಗೂಡನ್ನು ಕಂಡ. ಬಲು ಒಳ್ಳೆಯ ಮನುಷ್ಯ. ಸುಮ್ಮನೆ ಕೂರುವುದೊಂದು ಅವನಿಗೆ ಬರುತ್ತಿರಲಿಲ್ಲ. ಮೊಟ್ಟೆಯನ್ನು ಕಾಗೆ ಬಿಟ್ಟೀತೇ? ಮರಿಯನ್ನು ಹದ್ದು ಬಿಟ್ಟೀತೇ? ನರಿಗಂತೂ ಮೊಟ್ಟೆಯೂ ಆದೀತು, ತಾಯಿಯೂ ಆದೀತು. ಅವನಿಗೆ ದಿಗಿಲು ಹತ್ತಿತು. ಬೆಳಿಗ್ಗೆ ಹೋಗಿ ನೋಡಿದ. ಸಂಜೆ ಹೋಗಿ ನೋಡಿದ. ಆದರೆ ಹಕ್ಕಿಯ ಕಣ್ಣಿಗೆ ಅವನೂ ಒಂದು ನರಿಯೇ ಅಲ್ಲವೇ? ಅವನು ಬಂದಾಗಲೆಲ್ಲ ಅದು ಗಾಬರಿಯಿಂದ ಮೊಟ್ಟೆ ಬಿಟ್ಟು ನೀರಿಗಿಳಿಯುತ್ತಿತ್ತು.

ಹೆಂಡತಿ ನಕ್ಕಳು. "ದಿನಾ ಅಲ್ಲೇನು ಕೆಲಸ? ಮೊಟ್ಟೆಗೆ ನೀವೇ ಕಾವು ಕೊಡ್ತೀರಾ?"

"ಒಂದು ಸಲ ನೋಡ್ಕೊಂಡು ಬಂದ್ರೆ ಜೀವಕ್ಕೆ ಸಮಾಧಾನ ಕಣೇ" ಎಂದ ಅವನು.

ಒಂದು ದಿನ ಮೊಟ್ಟೆಯೊಂದು ಕಡಿಮೆಯಾಗಿತ್ತು. ಅವನು ಬಂದ ಕೂಡಲೇ ಹಕ್ಕಿ ಎದ್ದು ಹೋಗುವುದನ್ನು ಮರದ ಮೇಲಿನ ಕಾಗೆಯೂ ನೋಡುತ್ತಿತ್ತು. ಅವನಿಗೆ ಅದು ಹೊಳೆಯಲಿಲ್ಲ. ದಿಗಿಲು ಇನ್ನೂ ಹೆಚ್ಚಾಗಿ ಮಧ್ಯಾಹ್ನವೂ ಹೋಗತೊಡಗಿದ.

ಕೊನೆಗೊಂದು ಬೆಳಿಗ್ಗೆ ಹೋದಾಗ ಗೂಡಿನಲ್ಲಿ ಒಡೆದ ಚಿಪ್ಪುಗಳಿದ್ದವು, ಸುತ್ತ ತಾಯಿಯ ಗರಿಗಳಿದ್ದವು. ಗಂಡು ಹಕ್ಕಿ ನೀರಿನ ನಡುವೆ ಒಂದೇ ಸಮನೆ ಕೂಗುತ್ತಿತ್ತು. ಕುರಿಗಾಹಿ ಅತ್ತುಬಿಟ್ಟ. ಆಮೇಲೆ, ಹಾಳು ನರಿ ಎಲ್ಲಿಂದ ನುಗ್ಗಿತು ಎಂದು ಜೊಂಡಿನ ಸುತ್ತಲೂ ಹುಡುಕಿದ. ಎಲ್ಲಿಯೂ ಒಂದು ಎಸಳು ಬಾಗಿರಲಿಲ್ಲ. ಜೊಂಡು ಬಾಗಿದ್ದು ಒಂದೇ ಕಡೆ, ದಿನವೂ ತಾನು ತುಳಿದು ತುಳಿದು ಮಾಡಿದ ಕಾಲುದಾರಿಯಲ್ಲಿ. ಅಲ್ಲಿನ ಕೆಸರಿನಲ್ಲಿ ಅವನ ಹೆಜ್ಜೆಗಳ ಮೇಲೆಯೇ ನರಿಯ ಹೆಜ್ಜೆಗಳು ಮೂಡಿದ್ದವು.

ಗುರುಗಳು ಕತೆ ನಿಲ್ಲಿಸಿದರು.

"ಅಯ್ಯೋ ಪಾಪ, ಅವನಿಗೆ ತಿಳಿಯಲಿಲ್ಲ" ಎಂದು ಮಾದಯ್ಯ ನಿಟ್ಟುಸಿರುಬಿಟ್ಟ. ಎದ್ದು ಚಪ್ಪಲಿ ಮೆಟ್ಟಿಕೊಂಡ. "ಹೊತ್ತಾಯಿತು ಬುದ್ಧಿ. ಇದೊಂದು ಸಲ ಹೋಗಿ ಬಂದುಬಿಡುತ್ತೇನೆ."

ಗುರುಗಳು ತಲೆಯೆತ್ತಿ ಕೇಳಿದರು: "ಮಾದಯ್ಯ, ನಿನ್ನೆ ಬೆಟ್ಟ ಹತ್ತುವಾಗ ಒಂದು ಸಲವಾದರೂ ಹಿಂದೆ ತಿರುಗಿ ನೋಡಿದ್ದೆಯಾ?"

ಮಾದಯ್ಯ ಮೆಟ್ಟಿದ್ದ ಚಪ್ಪಲಿಯನ್ನು ಬಿಚ್ಚಿಟ್ಟ.