ಗೆರೆ ಅಳಿಸಿದವನು

"ಬುದ್ಧೀ, ಆಡಿದ ಮಾತನ್ನು ಅಳಿಸುವುದು ಹೇಗೆ?" ಎಂದು ಶಿಷ್ಯ ಶಿವಮಲ್ಲು ಮಠದ ಗುರುಗಳನ್ನು ಕೇಳಿದ.

ಅಕ್ಕ ಹೊಸ ಮನೆ ಕಟ್ಟಿಸಿದಾಗ ಅವನು ನೆಂಟರೆದುರಿಗೆ, "ಇದೇನಕ್ಕ, ಮನೆಯೋ ಕೋಳಿಗೂಡೋ?" ಎಂದುಬಿಟ್ಟಿದ್ದ. ಮರುದಿನವೇ ಹೋಗಿ ತಪ್ಪಾಯಿತೆಂದು ಕೈಮುಗಿದ. ಅಕ್ಕ ನಕ್ಕು, "ಹೋಗಲಿ ಬಿಡೋ" ಎಂದಳು. ಅವನಿಗೆ ಸಮಾಧಾನವಾಗಲಿಲ್ಲ. ಅಂದಿನಿಂದ ಹೋದಾಗಲೆಲ್ಲ ಅದೇ ಮಾತೆತ್ತಿ ಮತ್ತೆ ಕ್ಷಮೆ ಕೇಳುತ್ತಿದ್ದ. ಮೊನ್ನೆ ಅಕ್ಕ ಕಣ್ಣೀರು ಹಾಕಿ, "ಇನ್ನು ಈ ಕಡೆ ಬರಲೇಬೇಡ" ಎಂದಿದ್ದಳು. ಅವನಿಗೆ ತನ್ನವರೆಂದು ಇದ್ದದ್ದು ಆ ಅಕ್ಕ ಒಬ್ಬಳೇ.

"ಇನ್ನು ಹೇಗೆ ಕೇಳಲಿ ಬುದ್ಧೀ? ಕಾಲಿಗೇ ಬಿದ್ದುಬಿಡಲೇ?"

ಗುರುಗಳು ಹಣೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಮ! ಸ್ವಲ್ಪ ಬಾಯಿ ಮುಚ್ಚಿಕೊಂಡು ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದು ಶುರುಮಾಡಿದರು:

ಒಂದು ಊರಿನಲ್ಲಿ ಒಬ್ಬ ಕೆಲಸಗಾರನಿದ್ದ. ರಸ್ತೆಯ ಮೇಲೆ ಬಿಳಿ ಗೆರೆ ಎಳೆಯುವುದು ಅವನ ಕಸುಬು. ಕೈ ಅಂದರೆ ಕೈ ಅವನದು. ಎಳೆದರೆ ದಾರ ಹಿಡಿದ ಹಾಗೆ ನೆಟ್ಟಗೆ. ಆಮೇಲೆ ಅವನು ಗೆರೆ ಎಳೆದಿದ್ದ ಒಂದು ರಸ್ತೆಗೆ ಹೊಸ ಡಿವೈಡರ್ ಬಂತು. ಹಳೆಯ ಗೆರೆ ನೇರವಾಗಿ ಹೋಗಿ ಅದನ್ನೇ ಮುಟ್ಟುತ್ತಿತ್ತು. ಗೆರೆ ನಂಬಿ ಬಂದ ಗಾಡಿ ಗುದ್ದುವುದೇ ಸೈ. "ಹೋಗಿ ಅಳಿಸಿ ಬಾ" ಎಂದು ಮೇಸ್ತ್ರಿ ಅವನನ್ನೇ ಕಳಿಸಿದ. ನೀರಿನ ಟ್ಯಾಂಕರು ಕೊಟ್ಟ, ಪಂಪು ಕೊಟ್ಟ, ಅದನ್ನು ನೋಡಿಕೊಳ್ಳಲು ಒಬ್ಬ ಜೊತೆಗಾರನನ್ನೂ ಕೊಟ್ಟ.

ಆ ನೀರನ್ನು ನಮ್ಮ ನಲ್ಲಿ ನೀರು ಅಂದುಕೊಳ್ಳಬೇಡ. ಪಂಪು ಒತ್ತಿ ಬಿಟ್ಟರೆ ಚಪ್ಪಲಿಯನ್ನೂ ಸೀಳುತ್ತದೆ, ಅದರೊಳಗಿನ ಕಾಲನ್ನೂ ಸೀಳುತ್ತದೆ. ಕೆಲಸಗಾರ ಅದನ್ನೆಲ್ಲ ಬಲ್ಲವನೇ. ಕಬ್ಬಿಣದ ಮೂತಿಯ ಬೂಟು ಹಾಕಿದ, ಕಣ್ಣಿಗೆ ಕನ್ನಡಕ ಕಟ್ಟಿದ, ಸುತ್ತ ಹಗ್ಗ ಎಳೆದ. ನೋಡಲು ನಿಂತವರನ್ನು, "ನಡೀರಿ ನಡೀರಿ, ಇಲ್ಲೇನು ಬೊಂಬೆಯಾಟವೇ?" ಎಂದು ಗದರಿ ಓಡಿಸಿದ. ಆಮೇಲೆ ಎರಡೂ ಕೈಯಲ್ಲಿ ಪೈಪು ಹಿಡಿದು ನೀರು ಬಿಟ್ಟ. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ನೋಡುವುದಕ್ಕೇ ಸಂತೋಷ.

ಅಲ್ಲಲ್ಲಿ ಮಾತ್ರ ಚೂರು ಬಿಳುಪು ಉಳಿಯಿತು. "ಸಾಕು, ಮುಂದೆ ನಡಿ. ಅಷ್ಟನ್ನು ಗಾಡಿಯ ಚಕ್ರಗಳೇ ತಿಂದುಕೊಳ್ಳುತ್ತವೆ" ಎಂದ ಜೊತೆಗಾರ.

"ನಾನು ಎಳೆದ ಗೆರೆ ಇದು. ಗುರುತೂ ಇರಬಾರದು" ಎಂದ ಇವನು.

ಪೈಪಿನ ಮೂತಿಯನ್ನು ನೆಲಕ್ಕೆ ಇನ್ನಷ್ಟು ತಗ್ಗಿಸಿ ಗೆರೆಯ ಉದ್ದಕ್ಕೂ ಹೋದ, ಬಂದ, ಮತ್ತೆ ಹೋದ. ಕಾಲು ಸೀಳುವ ನೀರು ಡಾಂಬರನ್ನು ಬಿಟ್ಟೀತೇ? ಬಿಳುಪು ಹೋಯಿತು, ಕೆಳಗಿನ ಡಾಂಬರೂ ಹೋಯಿತು. ಗೆರೆ ಇದ್ದ ಜಾಗದಲ್ಲಿ ಗೆರೆಯಷ್ಟೇ ಅಗಲದ ಕಾಲುವೆ ಬಿತ್ತು. ಮಹಾರಾಯನಿಗೆ ಅದು ಕಾಣಲೇ ಇಲ್ಲ. ಅವನು ಹುಡುಕುತ್ತಿದ್ದದ್ದು ಬಿಳುಪನ್ನು. ಹಾಯಾಗಿ ಟೀ ಕುಡಿಯಲು ಹೋದ.

ಸಂಜೆ ಮಳೆ ಬಂತು. ಕಾಲುವೆಯಲ್ಲಿ ನೀರು ನಿಂತಿತು. ಬಸ್ಸಿನ ದೀಪ ಬಿದ್ದದ್ದೇ ತಡ, ಬಣ್ಣಕ್ಕಿಂತ ಜೋರಾಗಿ ಹೊಳೆಯಿತು. ಡ್ರೈವರ್ ಅದನ್ನೇ ನಂಬಿ ಬಂದು ಡಿವೈಡರಿಗೆ ಗುದ್ದಿಯೇಬಿಟ್ಟ. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಯಾರದೋ ಬುಟ್ಟಿಯ ಬದನೆಕಾಯಿ ಬಸ್ಸಿನ ತುಂಬ ಉರುಳಾಡಿತು, ಅಷ್ಟೇ. ಡ್ರೈವರ್ ಇಳಿದು ಬಂದು ಕೂಗಾಡಿದ: "ಯಾವನಯ್ಯಾ ಅವನು, ಇಲ್ಲಿ ಹೊಸದಾಗಿ ಗೆರೆ ಎಳೆದವನು?"

ಟೀ ಅಂಗಡಿಯಲ್ಲಿದ್ದ ಕೆಲಸಗಾರ ಲೋಟವನ್ನು ಕೆಳಗಿಡುವುದನ್ನೂ ಮರೆತ.

ಕತೆ ಕೇಳಿದ ಶಿವಮಲ್ಲುವಿಗೆ ನಗು ತಡೆಯಲಾಗಲಿಲ್ಲ. "ಬುದ್ಧೀ, ಎಂಥ ಪೆದ್ದನಪ್ಪ ಅವನು! ಬಣ್ಣ ಹೋದ ಮೇಲೂ ಯಾರಾದರೂ ನೀರು ಬಿಡುತ್ತಾರೆಯೇ?"

ಗುರುಗಳೂ ಅವನ ಜೊತೆ ಮನಸಾರೆ ನಕ್ಕರು. ಆಮೇಲೆ ಹೇಳಿದರು:

"ನಿನ್ನ ಅಕ್ಕ ಮೊದಲ ದಿನವೇ ಮರೆತಿದ್ದಳು ಕಣಯ್ಯಾ, ಕೊರೆದವನು ನೀನು."